‘ಒನ್ಸ್ ಮೋರ್’ ಕೂಗಲು ಹಾಡೆಲ್ಲಿದೆ?

ಸುಗ್ಗಿ ಮುಗಿದು ಜಾತ್ರೆಗಳ ಹಂಗಾಮು ಆರಂಭವಾಯಿತೆಂದರೆ ಗದಗ-ಬೆಟಗೇರಿಯ ಗೋಡೆಗಳ ಮೇಲೆ ಕಂಪನಿ ನಾಟಕಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಅವುಗಳೆದುರು ನಿಂತು ಮೊದಲಿನಿಂದ ಕೊನೆಯವರೆಗೆ ಓದುವುದು ಈ ಭಾಗದ ಅನೇಕರಿಗೆ ಅಂಟಿದ ಹಳೆಯ ಚಟ. ಯಾವ ಕಂಪನಿ, ಯಾವ ನಾಟಕ, ನಾಯಕಿಯ ಪಾತ್ರ ಯಾರದು, ಪೇಟಿಗೆ ಕೂರುವವರು ಯಾರು ಎಂದು ಕಣ್ಣು ಈ ಕ್ರಮದಲ್ಲಿಯೇ ಹರಿಯುತ್ತಿತ್ತು. ಇತ್ತೀಚಿನ ಭಿತ್ತಿಪತ್ರಗಳಲ್ಲಿ ಮುಕ್ಕಾಲು ಜಾಗವನ್ನು ಕಿರುತೆರೆಯ ಹಾಸ್ಯ ಕಾರ್ಯಕ್ರಮದಿಂದ ಹೆಸರು ಮಾಡಿದ ನಟನೊಬ್ಬನ ಮುಖ ಆಕ್ರಮಿಸಿರುತ್ತದೆ. ಆತ ಕಂಪನಿಯ ಕಲಾವಿದನಲ್ಲ, ಒಂದೆರಡು ದಿನಗಳ ಅತಿಥಿ. ಮುಖದ ಕೆಳಗೆ, ಮನೆಮಂದಿಯೆದುರು ಗಟ್ಟಿಯಾಗಿ ಓದಲು ಸಂಕೋಚವಾಗುವಂಥ ನಾಟಕದ ಹೆಸರು. ಕಂಪನಿಯ ಹೆಸರು ತೀರ ಸಣ್ಣ ಅಕ್ಷರಗಳಲ್ಲಿ ಎಲ್ಲೋ ಮೇಲೆ. ಪೇಟಿಯವರ ಹೆಸರು ಇರುವುದೇ ಇಲ್ಲ.

ದ್ವಂದ್ವಾರ್ಥದ ಸಂಭಾಷಣೆಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಬನಶಂಕರಿ ಜಾತ್ರೆ ಬಂದಾಗಲೆಲ್ಲ ಅದೇ ಚರ್ಚೆ ಹೊಸದಾಗಿ ಏಳುತ್ತದೆ, ತೇರು ಮನೆ ಸೇರುವುದರೊಳಗೆ ತಣ್ಣಗಾಗುತ್ತದೆ. ಆ ದೂರು ಸುಳ್ಳಲ್ಲ. ಆದರೆ ನಾಲ್ಕು ದಶಕಗಳಿಗೂ ಮಿಕ್ಕಿ ಕಂಪನಿ ನಾಟಕಗಳಿಗೆ ಟಿಕೆಟ್ ಕೊಂಡು ಕುಳಿತ ನನ್ನಂಥ ಪ್ರೇಕ್ಷಕನನ್ನು ಹೆಚ್ಚು ನೋಯಿಸುವುದು ಭಿತ್ತಿಪತ್ರದಲ್ಲಿ ಇರುವ ಹೆಸರಲ್ಲ, ಇಲ್ಲದಿರುವ ಹೆಸರು. ಪೇಟಿಯವರ ಹೆಸರು ಮಾಯವಾದದ್ದು ಅಚ್ಚಿನ ತಪ್ಪಿನಿಂದಲ್ಲ. ರಂಗದ ಮುಂದೆ ಪೇಟಿಯೇ ಇಲ್ಲ.

ಇದು ಯಾವುದೋ ಊರಿನಲ್ಲಿ ನಡೆದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ನಡೆದಿರುವುದು ಗದಗ ಸೀಮೆಯಲ್ಲಿ. ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಅದೇ ಸಾಂಗಲಿಯ ಅರಸರ ಆಶ್ರಯದಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಹುಟ್ಟಿತು. ಆ ಪ್ರಯೋಗಕ್ಕೆ ಪ್ರೇರಣೆ ಒದಗಿಸಿದ್ದು ಉತ್ತರ ಕನ್ನಡದ ಕರ್ಕಿಯಿಂದ ಹೋಗಿದ್ದ ಯಕ್ಷಗಾನ ಮೇಳವೆಂಬುದು ಬೇರೆ ಮಾತು. ಮುಂದೆ ಮರಾಠಿ ಕಂಪನಿಗಳು ನಮ್ಮ ಊರುಗಳಿಗೆ ಬಂದು ಕನ್ನಡಿಗರಿಗೆ ಮರಾಠಿ ಹಾಡು ಕೇಳಿಸಿ ಹಣ ಗಳಿಸತೊಡಗಿದಾಗ, ಗದುಗಿನಲ್ಲಿ ಸಕ್ಕರಿ ಬಾಳಾಚಾರ್ಯರೆಂಬ ಶಾಲಾ ಮಾಸ್ತರರಿಗೆ ಅದು ಸರಿಕಾಣಲಿಲ್ಲ. ಶಾಂತಕವಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು (1856–1920) ‘ಉಷಾಹರಣ’ ಬರೆದರು. 1870ರ ದಶಕದಲ್ಲಿ ಅದನ್ನಾಡಿದ ಮಂಡಳಿ ವೀರನಾರಾಯಣನ ಹೆಸರನ್ನೂ ಊರಿನ ಹಳೆಯ ಹೆಸರನ್ನೂ ಹೊತ್ತ ಕೃತಪುರ ನಾಟಕ ಮಂಡಳಿ. ಉತ್ತರ ಕರ್ನಾಟಕದ ಕಂಪನಿ ನಾಟಕದ ಚರಿತ್ರೆ ಆರಂಭವಾಗುವುದೇ ಹೀಗೆ, ಮಂದಿಗೆ ತಮ್ಮ ನುಡಿಯ ಹಾಡು ಬೇಕೆಂಬ ಹಟದಿಂದ.

ಆಮೇಲಿನ ಹೆಸರುಗಳನ್ನು ಈ ಭಾಗದ ಹಿರಿಯರು ದೇವರ ನಾಮದಂತೆ ಹೇಳುತ್ತಿದ್ದರು. ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ. ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳದೇ ಒಂದು ಕಂಪನಿ ಕಟ್ಟಿ ಊರೂರು ತಿರುಗಿದರು. ಹತ್ತಿ ಪೇಟೆಯ ದುಡ್ಡು, ಬೆಟಗೇರಿಯ ನೇಕಾರರ ವಾರದ ಕೂಲಿ, ಪರದೆ-ಪೆಟ್ಟಿಗೆಗಳನ್ನು ಸಾಗಿಸಲು ರೈಲ್ವೆ ಜಂಕ್ಷನ್, ಇವೆಲ್ಲ ಒಟ್ಟಿಗೆ ದೊರೆತ ಊರು ಗದಗ. ಇಲ್ಲಿ ಮೊಕ್ಕಾಂ ಹೂಡಿ ಗೆದ್ದ ಕಂಪನಿ ಮುಂದೆ ಎಲ್ಲಿ ಬೇಕಾದರೂ ಗೆಲ್ಲುತ್ತದೆಂಬ ನಂಬಿಕೆ ಇತ್ತು. ನಾಟಕ ನೋಡಲು ಬಂದವರ ಕಿವಿಗೆ ಕಂಪನಿಗಳು ಹೆದರುತ್ತಿದ್ದವು.

ಆ ಕಿವಿಯನ್ನು ತಿದ್ದಿದ ಮನೆ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಬಾಲಕರಿಗೆ, ಅನಾಥರಿಗೆ ಸಂಗೀತ ಕಲಿಸುತ್ತ ಊರೂರು ಅಲೆದು ಕಡೆಗೆ ಗದುಗಿನಲ್ಲಿ ನೆಲೆನಿಂತರು. ನೂರಾರು ಮಕ್ಕಳ ಅನ್ನಕ್ಕೆ ದಾರಿ ಬೇಕಿತ್ತು. ಅವರ ಪರಂಪರೆ ಕಂಡುಕೊಂಡ ದಾರಿಗಳಲ್ಲಿ ನಾಟಕ ಕಂಪನಿಯೂ ಒಂದು. ಪುಟ್ಟರಾಜ ಗವಾಯಿಗಳು (1914–2010) ಸ್ವತಃ ನಾಟಕಗಳನ್ನು ಬರೆದರು, ಹಾಡುಗಳಿಗೆ ರಾಗ ಕೂರಿಸಿದರು. ಊರ ಹೊರಗಿನ ಟೆಂಟಿನಲ್ಲಿ ಕುಳಿತವನು ಕೊಟ್ಟ ಟಿಕೆಟ್ಟಿನ ಹಣ ಆಶ್ರಮದಲ್ಲಿ ಸ್ವರ ಕಲಿಯುತ್ತಿದ್ದ ಅಂಧ ಹುಡುಗನ ತಟ್ಟೆಗೆ ರೊಟ್ಟಿಯಾಗಿ ಬೀಳುತ್ತಿತ್ತು. ನಾಟಕಕ್ಕೂ ಸಂಗೀತಕ್ಕೂ ಇದಕ್ಕಿಂತ ನೇರವಾದ ಸಂಬಂಧ ಬೇರೆಲ್ಲಿಯಾದರೂ ಇತ್ತೇ ಎಂಬುದು ನನಗೆ ಸಂದೇಹ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದವರು. ಯಲಿವಾಳದ ಬಸವರಾಜ ರಾಜಗುರು, ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿ ದೊಡ್ಡ ಗಾಯಕರಾದ ಅವರೂ ನಾಟಕದ ಬಣ್ಣ ಕಂಡವರೇ. ಹಿಂದುಸ್ತಾನಿ ಸಂಗೀತ ಈ ಸೀಮೆಯ ಒಕ್ಕಲಿಗನ ಮನೆ ಸೇರಿದ್ದು ದರ್ಬಾರಿನ ಬಾಗಿಲಿನಿಂದಲ್ಲ, ನಾಟಕದ ಟೆಂಟಿನ ಬಾಗಿಲಿನಿಂದ.

ಹಾಗೆಂದು ಹಳೆಯದೆಲ್ಲ ಚಿನ್ನವಾಗಿತ್ತೆಂದು ಹೇಳುವ ಅಭಿಮಾನಿಯನ್ನು ಯಾರೂ ನಂಬಬಾರದು. ರಾತ್ರಿ ಹತ್ತಕ್ಕೆ ಆರಂಭವಾದ ನಾಟಕ ಬೆಳಗಿನ ಜಾವ ಮುಗಿಯುತ್ತಿದ್ದುದರಲ್ಲಿ ಅರ್ಧ ಪಾಲು ಎಳೆತವೇ ಇತ್ತು. ಎದೆಗೆ ಬಾಣ ನೆಟ್ಟ ನಾಯಕ ಎರಡು ಪದ ಮುಗಿಸಿಯೇ ಪ್ರಾಣ ಬಿಡುತ್ತಿದ್ದ. ಮಂದಿ ಒತ್ತಾಯಿಸಿದರೆ ಎದ್ದು ನಿಂತು ಮೂರನೆಯದನ್ನೂ ಹಾಡುತ್ತಿದ್ದ. ಅತ್ತೆಯೆಂದರೆ ರಕ್ಕಸಿ, ಸೊಸೆಯೆಂದರೆ ಗೋವು. ಹಾಸ್ಯಪಾತ್ರಧಾರಿಯ ಮಾತಿನಲ್ಲಿ ಅಂದೂ ಎರಡರ್ಥವಿರುತ್ತಿತ್ತು. ಒಳಗೆ ಮುಂದಿನ ದೃಶ್ಯ ಸಜ್ಜಾಗುವತನಕ ಮುಂದಿನ ಪರದೆಯ ಹೊರಗೆ ನಿಂತು ಮಂದಿಯನ್ನು ಹಿಡಿದಿಡುವುದು ಅವನ ಕೆಲಸವಾಗಿತ್ತು. ಅಂದು ಅದು ಊಟದ ಮಗ್ಗುಲಿನ ಉಪ್ಪಿನಕಾಯಿ. ಇಂದು ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿ ಊಟವಾಯಿತೇ ಎಂದು ಕೇಳಲಾಗುತ್ತಿದೆ.

ಕಂಪನಿಗಳು ಬದಲಾಗಬಾರದಿತ್ತೆಂಬುದೂ ನನ್ನ ವಾದವಲ್ಲ. ಬದಲಾಗದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ. ಗ್ಯಾಸ್ ಬತ್ತಿಯಿಂದ ವಿದ್ಯುದ್ದೀಪಕ್ಕೆ, ಬರಿಗಂಟಲಿನಿಂದ ಮೈಕಿಗೆ, ಪುರಾಣದಿಂದ ಸಾಮಾಜಿಕಕ್ಕೆ, ಸ್ತ್ರೀವೇಷದ ಗಂಡಿನಿಂದ ನಿಜವಾದ ನಟಿಗೆ ಅವು ದಾಟಿ ಬಂದವು. ಪ್ರತಿ ದಾಟಿನಲ್ಲಿಯೂ ಯಾರೋ ಹಳೆಯ ಪ್ರೇಕ್ಷಕರು ಮೂಗು ಮುರಿದಿರಬೇಕು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿಯ ಮಾತನ್ನೇ ರಂಗಕ್ಕೆ ತಂದಾಗ ಅದು ಹೊಸತೇ ಆಗಿತ್ತು. 1974ರಲ್ಲಿ ರಾಜಕುಮಾರ್ ಅಭಿನಯದಲ್ಲಿ ಅದು ಚಲನಚಿತ್ರವಾಗಿ ನಾಡೆಲ್ಲ ತಿರುಗಿತು. ರಾಜಕುಮಾರ್ ಅವರಾದರೂ ಗುಬ್ಬಿ ಕಂಪನಿಯ ಅನ್ನ ಉಂಡು ಬೆಳೆದವರು. ಅಂದರೆ ಒಂದು ಕಾಲದಲ್ಲಿ ಕಂಪನಿ ಕೊಡುವ ಕೈಯಾಗಿತ್ತು. ಕತೆ, ನಟ, ಹಾಡು, ಮಾತಿನ ವರಸೆ ಎಲ್ಲವನ್ನೂ ಸಿನಿಮಾ ಅದರಿಂದ ಪಡೆಯಿತು. ಇಂದು ಅದೇ ಕಂಪನಿ ಕಿರುತೆರೆಯ ಚಟಾಕಿಗಳನ್ನು ಎರವಲು ತಂದು, ಮನೆಯಲ್ಲಿ ಪುಕ್ಕಟೆಯಾಗಿ ಕಾಣಸಿಗುವುದನ್ನೇ ಟಿಕೆಟ್ ಇಟ್ಟು ಮಾರಲು ಹೊರಟಿದೆ. ಇದು ಬದಲಾವಣೆಯಲ್ಲ, ಶರಣಾಗತಿ.

ಕಂಪನಿ ಕೈಬಿಟ್ಟ ವಸ್ತು ಯಾವುದೆಂದು ಇಂದಿನ ಯುವಕರಿಗೆ ತಿಳಿಯಲಿಕ್ಕಿಲ್ಲ. ಅದನ್ನು ಸ್ವಲ್ಪ ವಿವರಿಸಬೇಕು.

ರಂಗದ ಮುಂಭಾಗದಲ್ಲಿ, ಪ್ರೇಕ್ಷಕರಿಗೂ ನಟರಿಗೂ ನಡುವೆ, ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೇಟಿ, ಅದರ ಮಗ್ಗುಲಿಗೆ ತಬಲಾ. ಪೇಟಿ ಮಾಸ್ತರರ ಬೆನ್ನು ಮಂದಿಯ ಕಡೆ, ಕಣ್ಣು ನಟಿಯ ಮುಖದ ಮೇಲೆ. ನಟಿ ಮಾತಿನ ಕೊನೆಯಲ್ಲಿ ದನಿಯನ್ನು ಕೊಂಚ ಏರಿಸಿದರೆ ಹಾಡು ಬರಲಿದೆಯೆಂದು ಅವರಿಗೆ ತಿಳಿಯುತ್ತದೆ. ಮಾತು ಮುಗಿಯುವುದರೊಳಗೆ ಸ್ವರ ಸಿದ್ಧ. ಆಕೆಯ ಗಂಟಲು ಅಂದು ಕೆಟ್ಟಿದ್ದರೆ ಮಾಸ್ತರರು ಒಂದು ಮನೆ ಕೆಳಗಿಳಿದು ಹಿಡಿಯುತ್ತಾರೆ. ಆಕೆ ಹುರುಪಿನಲ್ಲಿದ್ದರೆ ತಾನಕ್ಕೆ ಅವಕಾಶ ಬಿಡುತ್ತಾರೆ. ಹಾಡು ಮಂದಿಯನ್ನು ಮುಟ್ಟಿದರೆ ಹಿಂದಿನ ಸಾಲಿನಿಂದ ಒಂದು ಕೂಗು ಏಳುತ್ತದೆ: ‘ಒನ್ಸ್ ಮೋರ್!’ ಇಂಗ್ಲಿಷಿನ ಒಂದಕ್ಷರ ಬಾರದವರೂ ಬಲ್ಲ ಎರಡು ಶಬ್ದಗಳಿವು. ಕತೆ ನಿಲ್ಲುತ್ತದೆ. ಗಂಡ ಮನೆ ಬಿಟ್ಟು ಹೋಗಿದ್ದರೂ, ಮಗು ಜ್ವರದಲ್ಲಿ ಮಲಗಿದ್ದರೂ ಹಾಡು ಮರಳಿ ಮೊದಲಿನಿಂದ ಆರಂಭವಾಗುತ್ತದೆ. ಎರಡನೆಯ ಸಲ ಅದು ಮೊದಲಿನ ಹಾಡೇ ಆಗಿರುವುದಿಲ್ಲ. ಕೇಳಿದವರಿಗಾಗಿ ಹಾಡಿದ್ದು ಅದು.

ವಾಸ್ತವಕ್ಕೆ ಇದು ಅಪಚಾರವೆಂದು ಹವ್ಯಾಸಿ ರಂಗಭೂಮಿಯ ವಿದ್ವಾಂಸರು ನಕ್ಕದ್ದುಂಟು. ನಗಲಿ. ಮುಂದಿನ ಸಾಲಿನ ಕುರ್ಚಿಯ ಸಾವುಕಾರನಿಗೂ ನೆಲದ ಮೇಲೆ ಕುಳಿತ ಕೂಲಿಯವನಿಗೂ ಸಮಾನವಾಗಿ ದೊರೆತಿದ್ದ ಒಂದೇ ಅಧಿಕಾರ ಅದಾಗಿತ್ತು. ಕೆಲವೊಮ್ಮೆ ಆ ಅಧಿಕಾರ ಚಲಾಯಿಸುವಲ್ಲಿ ಕೂಲಿಯವನೇ ಹೆಚ್ಚು ಕಟ್ಟುನಿಟ್ಟಾಗಿರುತ್ತಿದ್ದ. ಸುಮ್ಮಸುಮ್ಮನೆ ಕೂಗುವವನನ್ನು ಅಕ್ಕಪಕ್ಕದವರೇ ಗದರಿಸಿ ಕೂರಿಸುತ್ತಿದ್ದರು.

ಈಗ ಹಾಡು ಪೆನ್‌ಡ್ರೈವಿನಲ್ಲಿ ಬರುತ್ತದೆ. ಬಹಳಷ್ಟು ಸಲ ಅದು ಈಚಿನ ಸಿನಿಮಾ ಹಾಡು. ನಾಟಕದ ಕತೆಗೂ ಅದಕ್ಕೂ ಸಂಬಂಧವಿರುವುದಿಲ್ಲ. ನಾಯಕ-ನಾಯಕಿ ಕುಣಿಯುತ್ತಾರೆ, ತುಟಿ ಅಲುಗಿಸುತ್ತಾರೆ, ಬಣ್ಣದ ದೀಪಗಳು ತಿರುಗುತ್ತವೆ. ಸಿಳ್ಳು ಬೀಳುತ್ತದೆ. ‘ಒನ್ಸ್ ಮೋರ್’ ಬೀಳುವುದಿಲ್ಲ. ಯಂತ್ರಕ್ಕೆ ಹೇಳಿದರೆ ನೂರು ಸಲ ಹಾಡೀತು. ಆದ್ದರಿಂದಲೇ ಅದಕ್ಕೆ ಯಾರೂ ಹೇಳುವುದಿಲ್ಲ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಇದೇ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, 1933ರಲ್ಲಿ ಹಾಡು ಕಲಿಯಲು ಮನೆ ಬಿಟ್ಟು ಓಡಿಹೋದದ್ದು ಎಲ್ಲರಿಗೂ ಗೊತ್ತಿರುವ ಕತೆ. ಯಂತ್ರದಿಂದ ಹೊರಟ ದನಿಯೂ ಮನುಷ್ಯನನ್ನು ಮನೆ ಬಿಡಿಸಬಲ್ಲದು. ನಮ್ಮ ಟೆಂಟಿನ ಈಗಿನ ಹಾಡು ಕೇಳಿ ಯಾವ ಹುಡುಗನೂ ಎಲ್ಲಿಗೂ ಓಡಿಹೋಗಲಾರ.

ಕೆಲವು ವರ್ಷಗಳ ಹಿಂದೆ ಈ ಭಾಗದ ಜಾತ್ರೆಯೊಂದರಲ್ಲಿ ಕಂಡದ್ದನ್ನು ಹೇಳಬೇಕು. ಕಂಪನಿಯ ಹೆಸರು ಬೇಡ. ನಾಯಕಿಯ ದುಃಖದ ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರ್ ಹಚ್ಚಲು ಹುಡುಗರು ಓಡಿದರು. ಮಂದಿ ಕೂಗಾಡತೊಡಗಿದರು, ಮೊಬೈಲ್‌ಗಳ ಬೆಳಕು ಅಲ್ಲಲ್ಲಿ ಹೊತ್ತಿತು. ಆ ಗದ್ದಲದ ನಡುವೆ ಆ ನಟಿ ನಿಂತಲ್ಲಿಯೇ ಹಾಡಿನ ಉಳಿದ ಸಾಲುಗಳನ್ನು ತನ್ನ ದನಿಯಲ್ಲಿ ಹಾಡಿದಳು. ಮೈಕಿಲ್ಲ, ಪೇಟಿಯಿಲ್ಲ. ಶ್ರುತಿ ಒಂದಿಷ್ಟೂ ಅಲುಗಲಿಲ್ಲ. ಮೊದಲು ಮುಂದಿನ ಸಾಲುಗಳು, ಆಮೇಲೆ ಹಿಂದಿನವು ಸುಮ್ಮನಾದವು. ಹಾಡು ಮುಗಿದಾಗ ಮುದುಕನೊಬ್ಬ ‘ಒನ್ಸ್ ಮೋರ್’ ಎಂದ. ಆಕೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ದೀಪ ಬಂತು, ಯಂತ್ರ ತಾನು ನಿಂತಲ್ಲಿಂದ ಹಾಡು ಮುಂದುವರಿಸಿತು, ಆಕೆ ಮತ್ತೆ ತುಟಿ ಅಲುಗಿಸಿದಳು.

ಹಾಡಬಲ್ಲ ನಟಿಯನ್ನು ಸಂಬಳ ಕೊಟ್ಟು ಇಟ್ಟುಕೊಂಡು ಆಕೆಯಿಂದ ಹಾಡಿಸದಿರುವುದು ಯಾವ ಲೆಕ್ಕ? ಅಂದು ಟೆಂಟಿನ ಹೊರಗೆ ಚಹಾ ಕುಡಿಯುತ್ತ ಮಾಲೀಕರನ್ನು ಕೇಳಿದೆ. ‘ಈಗಿನ ಮಂದಿ ಹಾಡ ಕೇಳಂಗಿಲ್ರೀ ಸರ್’ ಎಂದರು. ಆ ಮಾತನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಅದನ್ನು ಹೇಳಿದವರ ಕಷ್ಟವನ್ನು ಅಲ್ಲಗಳೆಯುವುದು ಅನ್ಯಾಯ. ಒಂದು ಕಂಪನಿಯೆಂದರೆ ಹತ್ತಾರು ಸಂಸಾರಗಳು. ಮೈದಾನದ ಬಾಡಿಗೆ, ಪರವಾನಗಿ, ಟೆಂಟು, ತಗಡು, ಲಾರಿ, ಡೀಸೆಲ್, ದಿನವೂ ಹೊತ್ತಬೇಕಾದ ಅಡುಗೆಮನೆಯ ಒಲೆ. ಅಕಾಲದ ಮಳೆ ಬಂದು ಎರಡು ದಿನ ಆಟ ನಿಂತರೆ ಆ ನಷ್ಟ ತಿಂಗಳುಗಟ್ಟಲೆ ಬೆನ್ನು ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೇಸಿಗೆಯ ಜಾತ್ರೆಗಳೆಲ್ಲ ರದ್ದಾಗಿ, ವರ್ಷದ ಗಳಿಕೆಯ ಹಂಗಾಮೇ ಕೈತಪ್ಪಿತು. ಹೀಗಿರುವಾಗ ಪೇಟಿಯವರು, ತಬಲಾದವರು ಎಂದು ಎರಡು ಸಂಬಳಗಳನ್ನು ಉಳಿಸುವ ಯೋಚನೆ ಮಾಲೀಕರಿಗೆ ಬಂದರೆ ಅದನ್ನು ದುರಾಸೆ ಎನ್ನಲಾಗದು.

ಆದರೆ ಆ ಲೆಕ್ಕ ಒಂದು ರಾತ್ರಿಯ ಗೇಟ್ ಕಲೆಕ್ಷನ್ನಿಗೆ ಸರಿಹೋಗುತ್ತದೆ, ಒಂದು ದಶಕಕ್ಕೆ ಸರಿಹೋಗುವುದಿಲ್ಲ. ನಡೆದದ್ದೇನೆಂಬುದನ್ನು ಕ್ರಮವಾಗಿ ನೋಡಿದರೆ ಇದು ತಿಳಿಯುತ್ತದೆ. ಮನೆಮನೆಗೆ ಟೀವಿ ಬಂದಾಗ ಮೊದಲು ಕಡಿಮೆಯಾದವರು ಹೆಣ್ಣುಮಕ್ಕಳು. ಉಳಿದ ಗಂಡಸರನ್ನು ಹಿಡಿದಿಡಲು ಕಂಪನಿ ಹಾಸ್ಯವನ್ನು ಖಾರವಾಗಿಸಿತು. ಖಾರ ಹೆಚ್ಚಿದಂತೆ, ಇನ್ನೂ ಬರುತ್ತಿದ್ದ ಅಷ್ಟಿಷ್ಟು ಸಂಸಾರಸ್ಥರೂ ನಿಂತುಹೋದರು. ಟೆಂಟಿನಲ್ಲಿ ಹುಡುಗರೇ ತುಂಬಿದ ಮೇಲೆ ಅವರಿಗೆ ತಕ್ಕಂತೆ ಮಾತು ಇನ್ನೂ ಕೆಳಗಿಳಿಯಿತು. ಆ ಹುಡುಗರ ಕೈಗೆ ಮೊಬೈಲ್ ಬಂತು. ಟೆಂಟಿನಲ್ಲಿ ಸಿಗುವುದಕ್ಕಿಂತ ಖಾರವಾದದ್ದು ಅದರಲ್ಲಿ ಅಂಗೈಯಲ್ಲೇ ಸಿಕ್ಕಿತು. ಈಗ ಅವರೂ ಬರುತ್ತಿಲ್ಲ. ಅವರನ್ನು ಕರೆಯಲು ಕಿರುತೆರೆಯ ಅತಿಥಿ ಬೇಕು. ಅತಿಥಿಗೆ ಕೊಡುವ ಸಂಭಾವನೆಗಾಗಿ ಕಂಪನಿಯ ಸ್ವಂತ ಕಲಾವಿದರ ಪಗಾರದಲ್ಲಿ ಕೈಹಿಡಿಯಬೇಕು. ಅತಿಥಿ ಹೋದ ಮರುದಿನ ಟೆಂಟು ಖಾಲಿ. ಮಂದಿ ಹಾಡು ಕೇಳುವುದಿಲ್ಲವೆಂದು ತೀರ್ಮಾನಿಸಿದವರು, ಹಾಡು ಕೇಳುತ್ತಿದ್ದ ಮಂದಿಯನ್ನು ತಾವೇ ಕಳಿಸಿಕೊಟ್ಟು ಉಳಿದವರನ್ನು ಎಣಿಸಿದ್ದಾರೆ.

ಇಂಥ ಹೊತ್ತಿನಲ್ಲಿ ಹಳೆಯ ಪ್ರೇಕ್ಷಕರ ಸಿಟ್ಟು ಸಾಮಾನ್ಯವಾಗಿ ಎತ್ತ ತಿರುಗುತ್ತದೆಂಬುದನ್ನೂ ಹೇಳದೆ ವಿಧಿಯಿಲ್ಲ. ಅದು ತಿರುಗುವುದು ನಟಿಯ ಕಡೆಗೆ. ‘ಮೊದಲಿನಂಥ ಹೆಣ್ಣುಮಕ್ಕಳಿಲ್ಲ’ ಎಂದು ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಡುವ ಹಿರಿಯರಿದ್ದಾರೆ. ಎರಡರ್ಥದ ಮಾತನ್ನು ಬರೆದವನು ಗಂಡಸು, ಆಡಿಸಿದವನು ಗಂಡಸು, ಕೇಳಿ ನಕ್ಕವರು ಗಂಡಸರು. ಆ ಮಾತು ಹೊತ್ತು ರಂಗದ ಮೇಲೆ ನಿಂತವಳಿಗೆ ಮಾತ್ರ ಅಪಕೀರ್ತಿ. ಮಗಳನ್ನು ಶಾಲೆಗೆ ಸೇರಿಸುವಾಗ, ಬಾಡಿಗೆ ಮನೆ ಕೇಳುವಾಗ ಆಕೆ ಆ ಅಪಕೀರ್ತಿಗೆ ಪ್ರತ್ಯೇಕ ಬೆಲೆ ತೆರುತ್ತಾಳೆ.

ಅಭಿಮಾನಿಗಳ ಈ ಕ್ರೌರ್ಯಕ್ಕೆ ಹಳೆಯ ಉದಾಹರಣೆಯೊಂದಿದೆ. ಮರಾಠಿ ರಂಗಭೂಮಿಯ ಆರಾಧ್ಯ ದೈವವಾಗಿದ್ದ ಬಾಲಗಂಧರ್ವರು (1888–1967) 1935ರಲ್ಲಿ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮಾ’ ಚಿತ್ರದಲ್ಲಿ ಗಂಡು ಪಾತ್ರ ವಹಿಸಿದಾಗ ಅಭಿಮಾನಿಗಳು ನಿರಾಶರಾದರು; ಅವರಿಗೆ ಬೇಕಾಗಿದ್ದುದು ಸೀರೆ ಉಟ್ಟ ಗಂಧರ್ವರು. ರಂಗಕ್ಕೆ ಮರಳಿ, ವಯಸ್ಸು ಅರವತ್ತರ ಗಡಿ ದಾಟಿದ ಮೇಲೂ ಸ್ತ್ರೀವೇಷದಲ್ಲಿ ನಿಂತಾಗ ಅದೂ ನಿರಾಶೆಯೇ ಆಯಿತು. ದೊರೆ ಎಡವಿದರೆ ಅಭಿಮಾನಿಗೆ ಬೈಯಲು ಬೇರೊಬ್ಬರು ಬೇಕು. ಸಿಕ್ಕವಳು ಗೋಹರಬಾಯಿ ಕರ್ನಾಟಕಿ, ನಮ್ಮ ಬೀಳಗಿಯ ಹೆಣ್ಣುಮಗಳು, ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಪ್ರಸಿದ್ಧರಾದ ಅಮೀರಬಾಯಿಯ ಅಕ್ಕ-ತಂಗಿಯರಲ್ಲೊಬ್ಬಳು. ಗಂಧರ್ವರ ಕಂಪನಿ ಸೇರಿ, ಸ್ತ್ರೀಪಾತ್ರಗಳನ್ನು ತಾನು ವಹಿಸಿ, ಅವರ ಇಳಿಗಾಲದುದ್ದಕ್ಕೂ ಜೊತೆಗೆ ನಿಂತವಳು ಆಕೆ. ಕಂಪನಿ ಮುಳುಗಿದ್ದು ಅವಳಿಂದಲೇ ಎಂದು ಮಹಾರಾಷ್ಟ್ರದ ಅನೇಕ ರಸಿಕರು ಬಹುಕಾಲ ಶಪಿಸಿದರು. ಮೂಕಿ ಹೋಗಿ ಮಾತಾಡುವ ಸಿನಿಮಾ ಬಂದದ್ದನ್ನು, ತಲೆಯ ಮೇಲಿದ್ದ ಸಾಲವನ್ನು, ದೈವಕ್ಕೂ ವಯಸ್ಸಾಗುತ್ತದೆಂಬುದನ್ನು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಕಂಪನಿ ನಾಟಕದ ಅಭಿಮಾನಿಗಷ್ಟೇ ಈ ವ್ಯಾಧಿ ಅಂಟಿದ್ದಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಅವರನ್ನು ಪ್ರೀತಿಸುತ್ತಿದ್ದ ಕೇಳುಗರಲ್ಲಿಯೇ ಕೆಲವರು ಛೀಮಾರಿ ಹಾಕಿದರು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಯೌವನದಲ್ಲಿ ಅವರ ಹಾಡು ಕೇಳಿ ಕೆಟ್ಟ ಹುಡುಗರೆನಿಸಿಕೊಂಡಿದ್ದ ನಡುವಯಸ್ಸಿನವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಆ ತಂಡ ಹಳೆಯದನ್ನೇ ಹಾಡಿದರೆ ಹೊಸತೇನಿದೆ ಎನ್ನುವವರಿದ್ದಾರೆ, ಹೊಸತು ಹಾಡಿದರೆ ಹಳೆಯದು ಬೇಕೆನ್ನುವವರಿದ್ದಾರೆ. ಎರಡೂ ಕಡೆಯವರನ್ನು ಸಹಿಸಿಕೊಂಡು ಎಂಬತ್ತರ ಮಿಕ್ ಜಾಗರ್ 2023ರಲ್ಲಿಯೂ ಹೊಸ ಹಾಡುಗಳ ಮುದ್ರಿಕೆ ತಂದರು. ಅವರ ಸಂಗೀತ ನನಗೆ ಅಷ್ಟಾಗಿ ತಿಳಿಯದು. ಒಂದು ಮಾತ್ರ ತಿಳಿಯುತ್ತದೆ. ಆ ತಂಡದವರು ಏನನ್ನೇ ಬಿಟ್ಟಿರಲಿ, ರಂಗದ ಮೇಲೆ ನಿಂತು ತಾವೇ ಹಾಡುವುದನ್ನು ಬಿಟ್ಟಿಲ್ಲ.

ನಮ್ಮ ಮಾಲೀಕರ ಮಾತಿಗೆ ಉತ್ತರ ದೂರದ ಲಂಡನ್ನಿನಲ್ಲಿ ಇಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿದೆ. ಊರ ಜಾತ್ರೆ, ಉರುಸು, ಕಾರಹುಣ್ಣಿಮೆ ಎಂದು ನೆಪ ಹುಡುಕಿ ಅಲ್ಲಿಯ ತರುಣರು ಇಂದಿಗೂ ನಾಟಕ ಆಡುತ್ತಾರೆ. ಕಂಪನಿಯವರಲ್ಲ, ಹಗಲು ಹೊಲದಲ್ಲಿ, ಗ್ಯಾರೇಜಿನಲ್ಲಿ, ಕಿರಾಣಿ ಅಂಗಡಿಯಲ್ಲಿ ದುಡಿಯುವ ಹುಡುಗರು. ತಿಂಗಳುಗಟ್ಟಲೆ ಗುಡಿಯ ಕಟ್ಟೆಯ ಮೇಲೆ ತಾಲೀಮು ನಡೆಯುತ್ತದೆ. ಕಲಿಸಲು ಒಬ್ಬ ಮಾಸ್ತರರು ಬರುತ್ತಾರೆ, ಬರುವಾಗ ತಮ್ಮ ಪೇಟಿ ತರುತ್ತಾರೆ. ಹಲವೆಡೆ ಈ ಮಾಸ್ತರರು ಯಾವುದೋ ಕಂಪನಿಯಲ್ಲಿ ವರ್ಷಗಟ್ಟಲೆ ನುಡಿಸಿ, ಪೆನ್‌ಡ್ರೈವ್ ಬಂದ ಮೇಲೆ ಮನೆಗೆ ಕಳಿಸಲ್ಪಟ್ಟವರೇ. ಪಾರ್ಟು ವಹಿಸಿದ ಪ್ರತಿಯೊಬ್ಬನೂ ಕೈಯಿಂದ ವಂತಿಗೆ ಕೊಡುತ್ತಾನೆ. ನಾಯಕನ ಪಾರ್ಟಿಗೆ ಹೆಚ್ಚು, ಪೊಲೀಸಿನ ಪಾರ್ಟಿಗೆ ಕಡಿಮೆ. ಗದಗ-ಬೆಟಗೇರಿಯಿಂದ, ಇಳಕಲ್ಲು-ಗುಳೇದಗುಡ್ಡಗಳಿಂದ ನಟಿಯರನ್ನು ಗೊತ್ತು ಮಾಡುತ್ತಾರೆ. ಗೊತ್ತು ಮಾಡುವಾಗ ಕೇಳುವ ಮೊದಲ ಪ್ರಶ್ನೆ, ಆಕೆ ಚಂದ ಇದ್ದಾಳೆಯೇ ಎಂಬುದಲ್ಲ. ‘ಹಾಡ್ತಾರೇನ್ರಿ?’ ಎಂಬುದು. ಹಾಡುವವರಿಗೆ ಸಂಭಾವನೆ ಹೆಚ್ಚು, ಅದನ್ನು ಹುಡುಗರು ಗೊಣಗದೆ ಕೊಡುತ್ತಾರೆ.

ಈ ನಾಟಕಗಳು ಉತ್ತಮ ಕಲೆಯೆಂದು ನಾನು ವಾದಿಸಲಾರೆ. ನಾಯಕನಿಗೆ ಮಾತು ಮರೆಯುತ್ತದೆ, ಪಕ್ಕದಿಂದ ಹೇಳಿಕೊಡುವವನ ದನಿ ಮೊದಲು ಕೇಳಿಸುತ್ತದೆ, ಖಳನಾಯಕನ ಮೀಸೆ ಮೂರನೆಯ ಅಂಕದಲ್ಲಿ ಕಳಚಿ ಬೀಳುತ್ತದೆ. ನಡುನಡುವೆ ಆಯೇರು ಮಾಡುವವರ ಹೆಸರು ಓದುವುದರಲ್ಲಿಯೇ ಒಂದು ಗಂಟೆ ಹೋಗುತ್ತದೆ. ಆದರೆ ಅಲ್ಲಿ ಮುದುಕಿಯರು, ಬಸುರಿಯರು, ಕೂಸುಗಳು, ಮನೆಗೆ ಬಂದ ಬೀಗರು ಎಲ್ಲರೂ ಇರುತ್ತಾರೆ. ನಸುಕಿನ ಮೂರು ಗಂಟೆಗೆ ನಟಿ ಪದ ಎತ್ತಿದರೆ ನಿದ್ದೆಗೆ ಜಾರಿದವರು ಎದ್ದು ಕೂರುತ್ತಾರೆ, ಕೈಯಲ್ಲಿ ಮೊಬೈಲ್ ಹಿಡಿದ ಹುಡುಗರೇ ಮೊದಲು ‘ಒನ್ಸ್ ಮೋರ್’ ಎನ್ನುತ್ತಾರೆ. ಒಂದೇ ಪದವನ್ನು ಮೂರು ಸಲ ಹಾಡಿಸಿದ್ದನ್ನು ಮುಂಡರಗಿಯ ಕಡೆ ನಾನೇ ಕೇಳಿದ್ದೇನೆ.

ಕಂಪನಿಗಳಿಗೆ ಸರ್ಕಾರ ಸಹಾಯಧನ ಕೊಡಲಿ, ಅಕಾಡೆಮಿಗಳು ಪ್ರಶಸ್ತಿ ಕೊಡಲಿ, ಬೇಡವೆನ್ನುವವರು ಯಾರು? ಅದರಿಂದ ಟೆಂಟಿನ ಹರಿದ ಬಟ್ಟೆ ಹೊಲಿದೀತು. ಮಂದಿಯ ಕಿವಿ ಸತ್ತಿದೆಯೆಂಬ ಅಪನಂಬಿಕೆಯನ್ನು ಅನುದಾನದಿಂದ ಹೊಲಿಯಲಾಗದು. ಸಂಜೆಯಿಂದ ಬೆಳಗಿನತನಕದ ನಾಟಕ ಬೇಕೆಂದು ಯಾರೂ ಕೇಳುತ್ತಿಲ್ಲ. ನಾಟಕ ಎರಡೂವರೆ ಗಂಟೆಯದೇ ಇರಲಿ, ಹಾಸ್ಯವೂ ಇರಲಿ, ಕುಣಿತವೂ ಇರಲಿ. ಎರಡು ಹಾಡುಗಳು ಮಾತ್ರ ಆ ನಾಟಕಕ್ಕೆಂದೇ ಬರೆದವು ಇರಲಿ, ಅವನ್ನು ರಂಗದ ಮೇಲಿರುವವರೇ ಹಾಡಲಿ, ಮುಂದೆ ಒಂದು ಪೇಟಿ ಇರಲಿ. ಕಿರುತೆರೆಯ ಅತಿಥಿಗೆ ಎರಡು ದಿನಕ್ಕೆ ಕೊಡುವ ಹಣದಲ್ಲಿ ಪೇಟಿ ಮಾಸ್ತರರೊಬ್ಬರ ಎಷ್ಟು ದಿನಗಳ ಪಗಾರ ಹೊರಡುತ್ತದೆಂಬುದನ್ನು ಮಾಲೀಕರೇ ಲೆಕ್ಕ ಹಾಕಿ ನೋಡಲಿ. ಆ ಅಂಕಿಗಳು ಅವರಲ್ಲಿವೆ.

ಅದಕ್ಕೂ ಮೊದಲು ಅವರು ತಮ್ಮ ಟೆಂಟಿಗೆ ಒಂದು ರಾತ್ರಿ ರಜೆ ಕೊಟ್ಟು ಈ ಹಳ್ಳಿಗಳಲ್ಲಿ ಯಾವುದಾದರೂ ಒಂದಕ್ಕೆ ಹೋಗಿ ಕೂರಬೇಕು. ಟಿಕೆಟ್ ಇಲ್ಲ. ಜಾಗ ಸಿಗಬೇಕಾದರೆ ಒಂಬತ್ತರೊಳಗೆ ಹೋಗಬೇಕು, ಹಾಸಲು ಚಾಪೆಯನ್ನು ಮನೆಯಿಂದಲೇ ಒಯ್ಯಬೇಕು.